ಬಾನು ಸುಲಿಯುವ ಬೆಳಕು

ಜಮಖಂಡಿಯಲ್ಲಿ 1868ರ ಗ್ರಹಣದ ದಿನ ಕಂಡ ಗೆರೆಯ ಹಿಂದಿದ್ದ ಧಾತು ಇವತ್ತು ದೂರದ ಗ್ರಹಗಳ ಗಾಳಿ ಎತ್ತ ಹೋಗುತ್ತಿದೆ ಎಂದು ಹೇಳುತ್ತಿದೆ

1868ರ ಆಗಸ್ಟ್ 18, ಶ್ರಾವಣದ ಅಮವಾಸ್ಯೆ. ಬೆಳಗಿನ ಹೊತ್ತಿನಲ್ಲೇ ಕೃಷ್ಣೆಯ ಈ ಸೀಮೆಗೆ ಕತ್ತಲೆ ಕವಿಯಿತು. ಪಶ್ಚಿಮ ಕರಾವಳಿಯಲ್ಲಿ ನೆಲ ಹತ್ತಿದ ಚಂದ್ರನ ನೆರಳು ಸುಮಾರು ಇನ್ನೂರು ಕಿಲೋಮೀಟರ್ ಅಗಲದ ಪಟ್ಟಿಯಾಗಿ ಪೂರ್ವಕ್ಕೆ ಸರಿದು, ವಿಜಯಪುರ, ಗುಂಟೂರು ದಾಟಿ ಮಚಲಿಪಟ್ಟಣದ ಬಳಿ ಸಮುದ್ರಕ್ಕೆ ಇಳಿಯಿತು. ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಊರುಗಳು ಆ ಪಟ್ಟಿಯೊಳಗಿದ್ದವು. ನಮ್ಮೂರು ದಿಗ್ಗೇವಾಡಿಯೂ ಇತ್ತು. ನಮ್ಮ ಮುತ್ತಜ್ಜನ ಕಾಲದವರು ಆವತ್ತು ಏನು ಮಾಡಿರಬಹುದೆಂದು ಊಹಿಸುವುದು ಕಷ್ಟವಲ್ಲ. ಗ್ರಹಣ ಹಿಡಿಯುವ ಮೊದಲೇ ಉಂಡು, ನೀರಿನ ಕೊಡಕ್ಕೆ ದರ್ಭೆ ಹಾಕಿ, ಬಿಡುವ ತನಕ ಒಳಗೆ ಕೂತು, ಆಮೇಲೆ ಹೊಳೆಗೆ ಹೋಗಿ ಮಿಂದಿರಬೇಕು.

ಕುಡಚಿ ದಾಟಿ ಪೂರ್ವಕ್ಕೆ ಹೋದರೆ ಸಿಗುವ ಜಮಖಂಡಿ ಆಗ ಪಟವರ್ಧನರ ಸಂಸ್ಥಾನ. ಅಲ್ಲಿ ಆ ಬೆಳಿಗ್ಗೆ ಒಳಗೆ ಕೂರದವರೂ ಇದ್ದರು. ರಾಯಲ್ ಸೊಸೈಟಿಯ ಪರವಾಗಿ ಬಂದಿದ್ದ ಲೆಫ್ಟಿನೆಂಟ್ ಜಾನ್ ಹರ್ಷೆಲ್ ದೂರದರ್ಶಕಕ್ಕೆ ರೋಹಿತದರ್ಶಕ ಜೋಡಿಸಿಕೊಂಡು ಮಳೆಗಾಲದ ಮೋಡ ಸರಿಯುವುದನ್ನೇ ಕಾಯುತ್ತಿದ್ದರು. ಯುರೇನಸ್ ಗ್ರಹವನ್ನೂ ಅವಕೆಂಪು ಕಿರಣಗಳನ್ನೂ ಪತ್ತೆ ಮಾಡಿದ ವಿಲಿಯಂ ಹರ್ಷೆಲ್‌ರ ಮೊಮ್ಮಗ ಇವರು. ಖಗ್ರಾಸದ ಹೊತ್ತಿನಲ್ಲಿ ಮೋಡ ಅಲ್ಲಲ್ಲಿ ಹರಿದು ಸೂರ್ಯನ ಅಂಚಿನಿಂದ ಎದ್ದ ಬೆಂಕಿಯ ಚಾಚು ಕಂಡಿತು. ಅದರ ಬೆಳಕನ್ನು ಸೀಳಿ ನೋಡಿದರೆ ಕಾಮನಬಿಲ್ಲಿನ ಪೂರ್ತಿ ಬಣ್ಣಗಳಿಲ್ಲ, ಬಿಡಿಬಿಡಿಯಾಗಿ ಮೂರೇ ಗೆರೆ: ಕೆಂಪು, ಕಿತ್ತಳೆ, ನೀಲಿ. ಸೂರ್ಯನ ಚಾಚುಗಳು ಉರಿಯುವ ಅನಿಲವೇ ಎಂಬುದಕ್ಕೆ ಅಷ್ಟು ಸಾಕಾಯಿತು. ಕಿತ್ತಳೆ ಗೆರೆಯನ್ನು ಹರ್ಷೆಲ್ ಸೋಡಿಯಂನದೆಂದು ಬರೆದುಕೊಂಡರು. ವಿಜಯಪುರದಲ್ಲಿದ್ದ ಕ್ಯಾಪ್ಟನ್ ಹೈಗ್ ಕೂಡ ಹೊಂಬಣ್ಣದ ಪಟ್ಟಿಯೊಂದನ್ನು ಕಂಡರು. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಇದ್ದರು, ಮಚಲಿಪಟ್ಟಣದಲ್ಲಿ ಮದ್ರಾಸ್ ವೀಕ್ಷಣಾಲಯದ ಪೋಗ್ಸನ್.

ಆ ಗೆರೆ ಸೋಡಿಯಂನದಾಗಿರಲಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ನಾರ್ಮನ್ ಲಾಕಿಯರ್ ಗ್ರಹಣವಿಲ್ಲದೆಯೇ ಅದನ್ನು ನೋಡಿ, ಅದರ ಜಾಗ ಸೋಡಿಯಂ ಗೆರೆಗಳ ಪಕ್ಕಕ್ಕೆ ಸರಿದಿದೆ ಎಂದು ತೋರಿಸಿದರು. ಭೂಮಿಯಲ್ಲಿ ಯಾರೂ ಕಂಡಿರದ ಆ ಧಾತುವಿಗೆ ಹೀಲಿಯಂ ಎಂಬ ಹೆಸರು ಬಂತು. 1895ರಲ್ಲಿ ವಿಲಿಯಂ ರ‍್ಯಾಮ್ಸೆ ಯುರೇನಿಯಂ ಅದಿರೊಂದರಿಂದ ಅದನ್ನು ಹೊರತೆಗೆಯುವವರೆಗೆ ಹೀಲಿಯಂ ಸೂರ್ಯನ ಸೊತ್ತಾಗಿಯೇ ಉಳಿಯಿತು. ಪಠ್ಯಪುಸ್ತಕಗಳು ಈ ಕಥೆಯನ್ನು ಜಾನ್ಸೆನ್ ಒಬ್ಬರ ಹೆಸರಿಗೆ ಬರೆದು ಮುಗಿಸುತ್ತವೆ. ಅದು ಅಷ್ಟು ನೇರವಾಗಿಲ್ಲ ಎಂದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಖಗೋಳವಿಜ್ಞಾನಿ ಬಿಮನ್ ನಾಥ್ ಹಳೆಯ ವರದಿಗಳನ್ನೆಲ್ಲ ತೆಗೆದು ಓದಿ ಒಂದು ಪುಸ್ತಕವನ್ನೇ ಬರೆದಿದ್ದಾರೆ.

ಹೀಲಿಯಂ ಮತ್ತೆ ದೊಡ್ಡ ಸುದ್ದಿಯಾದದ್ದು ನೂರೈವತ್ತು ವರ್ಷ ಕಳೆದ ಮೇಲೆ. 2018ರಲ್ಲಿ ಜೆಸಿಕಾ ಸ್ಪೇಕ್ ಮತ್ತು ಸಂಗಡಿಗರು ಹಬಲ್ ದೂರದರ್ಶಕದ ದಾಖಲೆಗಳಲ್ಲಿ ವಾಸ್ಪ್-107ಬಿ ಎಂಬ ಗ್ರಹದಿಂದ ಹೀಲಿಯಂ ಸೋರಿ ಹೋಗುತ್ತಿರುವುದನ್ನು ಕಂಡರು. ಕನ್ಯಾ ರಾಶಿಯ ದಿಕ್ಕಿನಲ್ಲಿ, ಸುಮಾರು 200 ಜ್ಯೋತಿರ್ವರ್ಷ ದೂರದಲ್ಲಿರುವ ಗ್ರಹ ಅದು. ಗಾತ್ರದಲ್ಲಿ ಹತ್ತಿರಹತ್ತಿರ ಗುರುವಿನಷ್ಟು, ತೂಕದಲ್ಲಿ ಅದರ ಸುಮಾರು ಹತ್ತನೇ ಒಂದು ಪಾಲು. ತನ್ನ ನಕ್ಷತ್ರವನ್ನು ಆರು ದಿನದೊಳಗೆ ಒಂದು ಸುತ್ತು ಹಾಕುತ್ತದೆ. ಅದರ ಗಾಳಿಯನ್ನು ಹೊರಗೆ ತಳ್ಳುತ್ತಿರುವುದು ಅದರ ಸೂರ್ಯನೇ. ಆದರೆ ನಾವು ಬೆಳಕು ಎನ್ನುವ ಬೆಳಕಿನಿಂದಲ್ಲ, ಕಣ್ಣಿಗೆ ಬೀಳದ ನೇರಳಾತೀತ ಕಿರಣಗಳಿಂದ.

ಮೇಲಿನ ಗಾಳಿ, ಮೇಲಿನ ಬಿಸಿ

ಸೂರ್ಯನ ಒಟ್ಟು ಬೆಳಕು ಬಲು ನಿಯತ್ತಿನದು. ಹನ್ನೊಂದು ವರ್ಷದ ಅದರ ಏರಿಳಿತದಲ್ಲಿ ಶೇ 0.1ರಷ್ಟು ಮಾತ್ರ ವ್ಯತ್ಯಾಸ. ಬೆಳೆಗೂ ಬಿಸಿಲಿಗೂ ಅದು ಲೆಕ್ಕಕ್ಕಿಲ್ಲ. ಅದೇ ಸೂರ್ಯನ ತೀವ್ರ ನೇರಳಾತೀತ, ಅಂದರೆ 10ರಿಂದ 121 ನ್ಯಾನೋಮೀಟರ್ ತರಂಗಾಂತರದ ಕಿರಣಗಳು, ಅದೇ ಅವಧಿಯಲ್ಲಿ ಎರಡು ಪಟ್ಟಿಗೂ ಮೀರಿ ಏರಿಳಿಯುತ್ತವೆ. ಒಟ್ಟು ಬೆಳಕಿನಲ್ಲಿ ಇವುಗಳ ಪಾಲು ಪುಡಿಗಾಸು. ಆದರೆ ಅಷ್ಟನ್ನೂ ಗ್ರಹದ ತೀರಾ ಮೇಲಿನ, ತೀರಾ ತೆಳ್ಳಗಿನ ಗಾಳಿಯೇ ನುಂಗಿಕೊಳ್ಳುತ್ತದೆ. ಬೀಳುವ ಕಿರಣ ಅಣುವನ್ನು ಒಡೆಯುತ್ತದೆ, ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತು ಹಾಕುತ್ತದೆ. ಉಳಿದ ಶಕ್ತಿಯನ್ನು ಹೊತ್ತ ಆ ಎಲೆಕ್ಟ್ರಾನು ಸುತ್ತಲಿನ ಪರಮಾಣುಗಳಿಗೆ ಬಡಿದು ಬಡಿದು ಗಾಳಿಯನ್ನು ಕಾಯಿಸುತ್ತದೆ. ನಮ್ಮ ತಲೆಯ ಮೇಲೆ ನೂರು ಕಿಲೋಮೀಟರ್ ದಾಟಿದರೆ ಸಿಗುವ ಉಷ್ಣಗೋಳದಲ್ಲಿ ಉಷ್ಣಾಂಶ ಸಾವಿರ ಡಿಗ್ರಿಯ ಆಸುಪಾಸಿಗೆ ಹೋಗುವುದು ಹೀಗೆ.

ಕಾದ ಗಾಳಿ ಉಬ್ಬುತ್ತದೆ. ಅಮೆರಿಕದ ಸ್ಕೈಲ್ಯಾಬ್ ಉರುಳಿದ್ದು ಈ ಉಬ್ಬಿನಿಂದಲೇ. 1973ರಲ್ಲಿ ಹಾರಿಸಿದ ಆ ಬಾಹ್ಯಾಕಾಶ ನಿಲ್ದಾಣ 1980ರ ದಶಕದವರೆಗೆ ತಡೆಯುತ್ತದೆ ಎಂಬ ಲೆಕ್ಕಾಚಾರವಿತ್ತು. ಸೂರ್ಯ ಅಂದುಕೊಂಡದ್ದಕ್ಕಿಂತ ಚುರುಕಾದ, ಉಷ್ಣಗೋಳ ಉಬ್ಬಿತು, ನಿಲ್ದಾಣ ಹೋಗುವ ಎತ್ತರದಲ್ಲಿ ಗಾಳಿ ದಟ್ಟವಾಗಿ ತಡೆ ಹೆಚ್ಚಿತು. 1979ರ ಜುಲೈ 11ರಂದು ಅದು ಹಿಂದೂ ಮಹಾಸಾಗರ ಮತ್ತು ಪಶ್ಚಿಮ ಆಸ್ಟ್ರೇಲಿಯಾದ ಮೇಲೆ ಚೂರಾಗಿ ಬಿತ್ತು. ಸ್ಕೈಲ್ಯಾಬ್ ತಮ್ಮೂರ ಮೇಲೇ ಬೀಳುತ್ತದೆಂದು ಹೆದರಿ ಕೂತ ಆ ವಾರ ನಮ್ಮ ಹಿರಿಯರಿಗೆ ಇನ್ನೂ ಮರೆತಿಲ್ಲ. ಸಾಲ ಮಾಡಿ ಹೋಳಿಗೆ ಉಂಡವರ ಕಥೆಗಳು ಕರ್ನಾಟಕದ ಎಲ್ಲ ಕಡೆಯೂ ಇವೆ. ಅವುಗಳಲ್ಲಿ ಎಷ್ಟು ನಿಜವೋ ಎಷ್ಟು ಹರಟೆಯೋ, ಕೆಡವಿದ್ದು ಮಾತ್ರ ನೇರಳಾತೀತ.

ಎಷ್ಟು ಕಿರಣ ಬಿತ್ತು ಎಂಬುದಷ್ಟೇ ಇಲ್ಲಿ ಮುಖ್ಯವಲ್ಲ. ಬಿದ್ದ ಬಿಸಿಯನ್ನು ಗಾಳಿ ಹೇಗೆ ಹೊರಹಾಕುತ್ತದೆ ಎಂಬುದೂ ಅಷ್ಟೇ ಮುಖ್ಯ. ಶುಕ್ರ ನಮಗಿಂತ ಸೂರ್ಯನಿಗೆ ಹತ್ತಿರ. ಅದರ ನೆಲ ಸೀಸ ಕರಗುವಷ್ಟು ಬಿಸಿ. ಆದರೂ ಅದರ ಮೇಲಿನ ಗಾಳಿ ನಮ್ಮದಕ್ಕಿಂತ ತಂಪು. ಅಲ್ಲಿ ತುಂಬಿರುವ ಇಂಗಾಲದ ಡೈಆಕ್ಸೈಡ್ ಬಿಸಿಯನ್ನು ಅವಕೆಂಪು ಕಿರಣವಾಗಿ ಆಚೆ ಎಸೆಯುತ್ತಲೇ ಇರುತ್ತದೆ. ಕೆಳಗೆ ಕಂಬಳಿ ಹೊದಿಸಿ ಕಾಯಿಸುವ ಅನಿಲವೇ ಮೇಲೆ ತಣಿಸುತ್ತದೆ. ಜಲಜನಕವೇ ತುಂಬಿದ ಗ್ರಹಕ್ಕೆ ಈ ಅನುಕೂಲವಿಲ್ಲ.

ಬಾಲ ಬಂದ ಗ್ರಹಗಳು

ಸೂರ್ಯನಂಥ ನಕ್ಷತ್ರದ ಸುತ್ತ ಮೊದಲ ಹೊರಗ್ರಹವನ್ನು ಮಿಶೆಲ್ ಮೇಯರ್ ಮತ್ತು ಡಿಡಿಯೆ ಕೆಲೋ ಕಂಡದ್ದು 1995ರಲ್ಲಿ. ಅದು ಗುರುವಿನಂಥ ದೈತ್ಯ, ಆದರೆ ನಕ್ಷತ್ರಕ್ಕೆ ಅಂಟಿಕೊಂಡಂತೆ ಸುತ್ತುತ್ತಿತ್ತು. ಅಷ್ಟು ಹತ್ತಿರ ಹೋದ ಗ್ರಹದ ಗಾಳಿ ಉಳಿದೀತೇ ಎಂಬ ಪ್ರಶ್ನೆ ಆಗಲೇ ಹುಟ್ಟಿತು. ಉತ್ತರ ಸಿಕ್ಕಿದ್ದು 2003ರಲ್ಲಿ, ಎಚ್‌ಡಿ 209458ಬಿ ಎಂಬ ಗ್ರಹದಲ್ಲಿ. ಅದು ತನ್ನ ನಕ್ಷತ್ರದ ಮುಂದೆ ಹಾದಾಗ ಸಾಮಾನ್ಯ ಬೆಳಕಿನಲ್ಲಿ ಶೇ 1.5ರಷ್ಟು ಮಂಕು ಕಾಣುತ್ತದೆ. ಆಲ್ಫ್ರೆಡ್ ವಿಡಾಲ್-ಮಾಜಾರ್ ಅವರ ತಂಡ ಅದೇ ನೋಟವನ್ನು ಜಲಜನಕ ಹೀರುವ 121.6 ನ್ಯಾನೋಮೀಟರ್‌ನ ಲೈಮನ್-ಆಲ್ಫಾ ನೇರಳಾತೀತದಲ್ಲಿ ಹಬಲ್‌ನಿಂದ ನೋಡಿತು. ಮಂಕು ಶೇ 15ರ ಹತ್ತಿರ ಬಂತು. ಗ್ರಹಕ್ಕಿಂತ ಹಲವು ಪಟ್ಟು ದೊಡ್ಡದಾದ ಜಲಜನಕದ ಮೋಡ ಅದರ ಸುತ್ತ ಹರಡಿತ್ತು. ಸೆಕೆಂಡಿಗೆ ಕಡಿಮೆಯೆಂದರೂ ಹತ್ತು ಸಾವಿರ ಟನ್ ಅನಿಲ ಹೋಗುತ್ತಿದೆ ಎಂಬುದು ಆಗಿನ ಅಂದಾಜು. ಕೇಳಲು ಭಯಂಕರವಾದರೂ ಗ್ರಹ ಅಷ್ಟು ದೊಡ್ಡದು. ಈ ಲೆಕ್ಕದಲ್ಲಿ ನೂರಾರು ಕೋಟಿ ವರ್ಷ ಸೋರಿದರೂ ಶೇ 1ರಷ್ಟು ಕರಗುವುದಿಲ್ಲ.

ಚಿಕ್ಕ ಗ್ರಹಗಳ ಪಾಡು ಬೇರೆ. ಜಿಜೆ 436ಬಿ ನೆಪ್ಚೂನಿನಷ್ಟು ತೂಕದ್ದು, 30 ಜ್ಯೋತಿರ್ವರ್ಷಕ್ಕೆ ಸ್ವಲ್ಪ ಆಚೆ, ಸಿಂಹ ರಾಶಿಯಲ್ಲಿದೆ. ಸಾಮಾನ್ಯ ಬೆಳಕಿನಲ್ಲಿ ಅದು ನಕ್ಷತ್ರದ ಶೇ 1ರಷ್ಟನ್ನೂ ಮರೆಮಾಡದು. 2015ರಲ್ಲಿ ಡೇವಿಡ್ ಎಹ್ರೆನ್‌ರೈಕ್ ಮತ್ತು ಸಂಗಡಿಗರು ಲೈಮನ್-ಆಲ್ಫಾದಲ್ಲಿ ನೋಡಿದಾಗ ನಕ್ಷತ್ರದ ಅರ್ಧಕ್ಕಿಂತ ಹೆಚ್ಚು, ಶೇ 56ರಷ್ಟು ಮರೆಯಾಯಿತು. ಗ್ರಹಕ್ಕೆ ಧೂಮಕೇತುವಿನಂತೆ ಬಾಲ ಬಂದಿತ್ತು.

ಹಗುರ ಜಲಜನಕ ಹೀಗೆ ಹೋಗುವುದು ಸಹಜ. ಕಬ್ಬಿಣ ಹೋಗುವುದೆಂದರೆ? 2019ರಲ್ಲಿ ವಾಸ್ಪ್-121ಬಿ ಗ್ರಹದಿಂದ ಕಬ್ಬಿಣ ಮತ್ತು ಮೆಗ್ನೀಸಿಯಂ ಹೊರಬೀಳುತ್ತಿರುವುದನ್ನು ಹಬಲ್ ನೇರಳಾತೀತದಲ್ಲಿ ಕಂಡಿತು. ಇದನ್ನು ನಮ್ಮ ಸೀಮೆಯವರಿಗೆ ವಿವರಿಸಿ ಹೇಳಬೇಕಿಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ ಕೃಷ್ಣೆಗೆ ಮಹಾಪೂರ ಬಂದಾಗ ಹೋದದ್ದು ಬರೀ ನೀರಲ್ಲ. ನೀರಿಗಿಂತ ಎಷ್ಟೋ ಭಾರದ ಪಂಪ್‌ಸೆಟ್ಟು, ಕಲ್ಲು, ಹೊಲದ ಮಣ್ಣು ಎಲ್ಲವೂ ಸೆಳವಿನ ಜೊತೆಗೇ ಹೋದವು. ಮೆಲ್ಲಗೆ ಹರಿಯುವ ಹೊಳೆ ಹಗುರವಾದದ್ದನ್ನಷ್ಟೇ ಒಯ್ಯುತ್ತದೆ, ರಭಸ ಬಂದ ಮೇಲೆ ಭಾರ-ಹಗುರ ನೋಡುವುದಿಲ್ಲ. ನೇರಳಾತೀತ ಕಡಿಮೆಯಿದ್ದಾಗ ಮೇಲಿನ ಗಾಳಿಯಿಂದ ಒಂದೊಂದೇ ಪರಮಾಣು ಜಿಗಿದು ತಪ್ಪಿಸಿಕೊಳ್ಳುತ್ತದೆ. ಭೂಮಿಯಿಂದ ಇವತ್ತಿಗೂ ಸೆಕೆಂಡಿಗೆ ಸುಮಾರು 3 ಕಿಲೋ ಜಲಜನಕ ಹೀಗೆ ಹೋಗುತ್ತಿದೆ. ಕಿರಣ ಮಿತಿ ಮೀರಿದಾಗ ಇಡೀ ಮೇಲ್ಗಾಳಿಯೇ ಸೆಳವಾಗಿ ಹೊರಕ್ಕೆ ಹರಿಯುತ್ತದೆ. ಜಲಜನಕದ ಆ ಹರಿವು ತನ್ನ ಹಾದಿಯಲ್ಲಿದ್ದ ಆಮ್ಲಜನಕ, ಇಂಗಾಲ, ಕಬ್ಬಿಣವನ್ನೂ ಎಳೆದೊಯ್ಯುತ್ತದೆ.

ಎಚ್‌ಡಿ 189733ಬಿ ಇನ್ನೂ ಒಂದು ವಿಷಯ ತೋರಿಸಿತು. 2010ರ ಏಪ್ರಿಲ್‌ನಲ್ಲಿ ನೋಡಿದಾಗ ಅಲ್ಲಿ ಸೋರಿಕೆಯ ಸುಳಿವೇ ಇರಲಿಲ್ಲ, 2011ರ ಸೆಪ್ಟೆಂಬರ್‌ನಲ್ಲಿ ಎದ್ದು ಕಾಣಿಸಿತು. ಎರಡನೇ ಸಲ ನೋಡುವ ಎಂಟು ತಾಸು ಮೊದಲು ಆ ನಕ್ಷತ್ರ ದೊಡ್ಡ ಜ್ವಾಲೆಯೊಂದನ್ನು ಉಗುಳಿತ್ತು, ಸ್ವಿಫ್ಟ್ ಉಪಗ್ರಹ ಅದನ್ನು ಹಿಡಿದಿತ್ತು. ಎರಡಕ್ಕೂ ಸಂಬಂಧ ಇದ್ದೇ ಇದೆ ಎಂದು ಒಂದೇ ಘಟನೆಯಿಂದ ಹೇಳಲಾಗದು. ಆದರೂ ನಕ್ಷತ್ರದ ಹವಾಮಾನ ಗ್ರಹದ ಹವಾಮಾನವನ್ನು ತಾಸುಗಳ ಲೆಕ್ಕದಲ್ಲಿ ಬದಲಿಸಬಲ್ಲದು ಎಂಬ ಅನುಮಾನ ಅಲ್ಲಿಂದ ಗಟ್ಟಿಯಾಯಿತು.

ಕಾಣದ ಕಿರಣಕ್ಕೆ ಹೀಲಿಯಂ ಸಾಕ್ಷಿ

ಈ ವಿದ್ಯೆಯಲ್ಲಿ ಒಂದು ದೊಡ್ಡ ಪೇಚಿದೆ. ಗ್ರಹದ ಗಾಳಿಯನ್ನು ಕಾಯಿಸಿ ಓಡಿಸುವ ಮುಖ್ಯ ಕಿರಣ 91.2 ನ್ಯಾನೋಮೀಟರ್‌ಗಿಂತ ಕೆಳಗಿನದು. ನಕ್ಷತ್ರಗಳ ನಡುವಿನ ಬಯಲಿನಲ್ಲಿ ಹರಡಿರುವ ಜಲಜನಕ ಅದರ ಬಹುಪಾಲನ್ನು ದಾರಿಯಲ್ಲೇ ನುಂಗಿಬಿಡುತ್ತದೆ. ಲೈಮನ್-ಆಲ್ಫಾದ ನಡುಭಾಗವೂ ಹಾಗೆಯೇ ಅಳಿಸಿಹೋಗುತ್ತದೆ, ಅಂಚುಗಳಷ್ಟೇ ನಮಗೆ ತಲುಪುತ್ತವೆ. ತೀವ್ರ ನೇರಳಾತೀತಕ್ಕೆಂದೇ ಕಳಿಸಿದ್ದ ನಾಸಾದ ಇಯುವಿಇ ಉಪಗ್ರಹ 1992ರಿಂದ 2001ರವರೆಗೆ ಹತ್ತಿರದ ಕೆಲವು ನಕ್ಷತ್ರಗಳನ್ನು ಅಳೆದು ಮುಗಿಸಿತು. ಅದಾದ ಮೇಲೆ ದೂರದ ನಕ್ಷತ್ರಗಳನ್ನು ಅಂಥ ಕಿರಣದಲ್ಲಿ ಅಳೆಯುವ ದೂರದರ್ಶಕ ಹಾರಿಲ್ಲ. ಕಳ್ಳ ಯಾರೆಂದು ಗೊತ್ತು, ಮುಖ ಮಾತ್ರ ಕಾಣುವುದಿಲ್ಲ.

ಹೀಲಿಯಂ ಸಾಕ್ಷಿಗೆ ಬರುವುದು ಇಲ್ಲಿ. ಒಂದು ಹೀಲಿಯಂ ಪರಮಾಣುವಿನ ಪಾಡನ್ನು ಹತ್ತಿರದಿಂದ ನೋಡೋಣ. 50.4 ನ್ಯಾನೋಮೀಟರ್‌ಗಿಂತ ಚಿಕ್ಕ ತರಂಗದ ಕಿರಣ ಬಡಿದರೆ ಅದರ ಒಂದು ಎಲೆಕ್ಟ್ರಾನು ಕಿತ್ತು ಹೋಗುತ್ತದೆ. ಕೆಲಹೊತ್ತಿಗೆ ಬೇರೊಂದು ಎಲೆಕ್ಟ್ರಾನು ಬಂದು ಸೇರಿಕೊಳ್ಳುತ್ತದೆ. ಬಂದದ್ದು ಎಷ್ಟೋ ಸಲ ನೇರ ತಳಕ್ಕೆ ಇಳಿಯಲಾಗದೆ ಮೇಲಿನ ಮೆಟ್ಟಿಲೊಂದರಲ್ಲಿ ಸಿಕ್ಕಿಕೊಳ್ಳುತ್ತದೆ. ಅಲ್ಲಿಂದ ತಳಕ್ಕೆ ಇಳಿಯುವ ದಾರಿಯನ್ನು ಕ್ವಾಂಟಂ ನಿಯಮಗಳು ಹೆಚ್ಚುಕಡಿಮೆ ಮುಚ್ಚಿಬಿಟ್ಟಿವೆ. ಪರಮಾಣುಗಳ ಲೋಕದಲ್ಲಿ ಕಣ್ಣು ಮಿಟುಕಿಸುವುದೇ ಯುಗ. ಈ ಹೀಲಿಯಂ ಮಾತ್ರ ಹಾಗೇ ಎರಡು ತಾಸಿಗೂ ಮಿಕ್ಕಿ ಕಾಯಬಲ್ಲದು. ಕಾಯುವಾಗ ನಕ್ಷತ್ರದ 1083 ನ್ಯಾನೋಮೀಟರ್‌ನ ಅವಕೆಂಪು ಬೆಳಕು ಹಾದರೆ ಅದನ್ನು ಹೀರಿ ರೋಹಿತದಲ್ಲಿ ಕಪ್ಪು ಗೆರೆ ಬಿಡುತ್ತದೆ. ಅವಕೆಂಪಿಗೆ ನಕ್ಷತ್ರಗಳ ನಡುವಿನ ಜಲಜನಕ ಅಡ್ಡಿ ಮಾಡುವುದಿಲ್ಲ, ನಮ್ಮ ವಾತಾವರಣವೂ ಬಿಟ್ಟುಕೊಡುತ್ತದೆ. ಹಬಲ್‌ನ ಸರದಿಗೆ ಕಾಯಬೇಕಿಲ್ಲ. ಬೆಟ್ಟದ ಮೇಲಿನ ದೂರದರ್ಶಕವೂ ಇದನ್ನು ನೋಡಬಹುದು.

ಇದರಲ್ಲಿ ಇನ್ನೊಂದು ಸೊಗಸಿದೆ. ಕಾಯುತ್ತಿರುವ ಹೀಲಿಯಂಗೆ 260 ನ್ಯಾನೋಮೀಟರ್‌ಗಿಂತ ಚಿಕ್ಕ, ಅಷ್ಟೇನೂ ತೀವ್ರವಲ್ಲದ ನೇರಳಾತೀತ ಬಡಿದರೆ ಅದರ ಎಲೆಕ್ಟ್ರಾನು ಮತ್ತೆ ಕಿತ್ತುಹೋಗುತ್ತದೆ. ಅಂದರೆ ತೀವ್ರ ನೇರಳಾತೀತ ಅದನ್ನು ಹುಟ್ಟಿಸುತ್ತದೆ, ಮಧ್ಯಮ ನೇರಳಾತೀತ ಅಳಿಸುತ್ತದೆ. ಮೊದಲನೆಯದು ಜಾಸ್ತಿ, ಎರಡನೆಯದು ಕಡಿಮೆ ಇರುವ ನಕ್ಷತ್ರಗಳು ಸೂರ್ಯನಿಗಿಂತ ಚಿಕ್ಕ, ಕಿತ್ತಳೆ ಬಣ್ಣದವು. ವಾಸ್ಪ್-107 ಅಂಥದ್ದೇ. ಆಂಟೋನಿಯಾ ಓಕ್ಲೊಪ್ಚಿಚ್ ಮತ್ತು ಕ್ರಿಸ್ಟೋಫರ್ ಹಿರಾಟಾ ಈ ಗೆರೆ ಕಾಣಲೇಬೇಕು ಎಂದು ಲೆಕ್ಕ ಹಾಕಿ ತೋರಿಸಿದ ವರ್ಷವೇ ಅದು ಕಂಡಿತು. ಆಮೇಲೆ ಗ್ರಹದಿಂದ ಗ್ರಹಕ್ಕೆ ಪಟ್ಟಿ ಬೆಳೆಯಿತು. ಜಿಜೆ 3470ಬಿ ಗ್ರಹದ ಹೀಲಿಯಂ ಅನ್ನು 2020ರಲ್ಲಿ ವರದಿ ಮಾಡಿದ ತಂಡದ ಮುಂದಾಳು ಭಾರತದವರೇ ಆದ ಜೋ ನಿನಾನ್.

ಹರ್ಷೆಲ್ ಕಂಡ ಗೆರೆಯೂ 1083ರ ಗೆರೆಯೂ ಒಂದೇ ಅಲ್ಲ; ಅದು ಹಳದಿ-ಕಿತ್ತಳೆಯದು, ಇದು ಕಣ್ಣಿಗೆ ಕಾಣದ್ದು. ಆದರೆ ಎರಡೂ ಹೀಲಿಯಂನ ಆ ತಡೆದು ನಿಂತ ಮೆಟ್ಟಿಲುಗಳ ಬಳಗಕ್ಕೇ ಸೇರಿದವು.

ನಡುವೆ ಖಾಲಿ ಬಿದ್ದ ಸಾಲು

ಒಂದೊಂದೇ ಗ್ರಹ ಬಿಟ್ಟು ಎಲ್ಲವನ್ನೂ ಸಾಲಾಗಿ ನಿಲ್ಲಿಸಿದರೆ ನೇರಳಾತೀತದ ಕೈವಾಡ ಇನ್ನೂ ದೊಡ್ಡದಾಗಿ ಕಾಣುತ್ತದೆ. ಕೆಪ್ಲರ್ ದೂರದರ್ಶಕ ಕಂಡ ಗ್ರಹಗಳ ಗಾತ್ರವನ್ನು 2017ರಲ್ಲಿ ಬೆಂಜಮಿನ್ ಫುಲ್ಟನ್ ಮತ್ತು ಸಂಗಡಿಗರು ನಿಖರವಾಗಿ ಅಳೆದು ಜೋಡಿಸಿದರು. ಭೂಮಿಯ ಒಂದೂವರೆ ಪಟ್ಟಿಗಿಂತ ಚಿಕ್ಕ ಗ್ರಹಗಳು ಬೇಕಾದಷ್ಟಿವೆ, ಎರಡು ಪಟ್ಟಿಗಿಂತ ದೊಡ್ಡವೂ ಬೇಕಾದಷ್ಟಿವೆ. ನಡುವಿನ ಗಾತ್ರದವು ವಿರಳ. ಹೀಗೊಂದು ಕಂದಕ ಇರಲೇಬೇಕೆಂದು ಜೇಮ್ಸ್ ಓವೆನ್ ಮತ್ತು ಯಾಂಚಿನ್ ವು 2013ರಲ್ಲೇ ಬರೆದಿದ್ದರು. ನಕ್ಷತ್ರದ ಎಳವೆಯಲ್ಲಿ ಕ್ಷ-ಕಿರಣ ಮತ್ತು ನೇರಳಾತೀತ ವಿಪರೀತ. ನಮ್ಮ ಸೂರ್ಯನೇ ಹುಟ್ಟಿದ ಹತ್ತು ಕೋಟಿ ವರ್ಷದ ಹೊತ್ತಿಗೆ ಇವತ್ತಿನ ನೂರು ಪಟ್ಟು ಸುರಿಸುತ್ತಿದ್ದ. ಆ ಹೊಡೆತಕ್ಕೆ ಸಿಕ್ಕ ಚಿಕ್ಕ ಗ್ರಹ ತನ್ನ ಜಲಜನಕದ ಹೊದಿಕೆಯನ್ನು ಪೂರ್ತಿ ಕಳೆದುಕೊಂಡು ಬರೀ ಕಲ್ಲಾಗುತ್ತದೆ, ಇಲ್ಲವೇ ದಪ್ಪ ಹೊದಿಕೆ ಉಳಿಸಿಕೊಂಡು ದೊಡ್ಡದಾಗಿ ಉಳಿಯುತ್ತದೆ. ಅರೆಬರೆ ಹೊದಿಕೆ ಹೆಚ್ಚು ದಿನ ನಿಲ್ಲುವುದಿಲ್ಲ.

ಇದನ್ನು ಎಲ್ಲರೂ ಒಪ್ಪಿಲ್ಲ. ಹಿಲ್ಕೆ ಶ್ಲಿಕ್ಟಿಂಗ್, ಆಕಾಶ್ ಗುಪ್ತಾ ಮೊದಲಾದವರ ಪ್ರಕಾರ ಗ್ರಹದ ಒಡಲಲ್ಲೇ ಉಳಿದ ಹುಟ್ಟುಬಿಸಿ ಸಾಕು, ನಕ್ಷತ್ರದ ನೇರಳಾತೀತದ ಹಂಗಿಲ್ಲದೆಯೇ ಹೊದಿಕೆ ಹಾರಿಹೋಗುತ್ತದೆ. ಎರಡೂ ನಡೆಯುತ್ತಿರಬೇಕು, ಎಲ್ಲಿ ಯಾವುದು ಮೇಲುಗೈ ಎಂಬುದಷ್ಟೇ ಜಗಳ ಎಂದು ನನಗನ್ನಿಸುತ್ತದೆ. ನಕ್ಷತ್ರಕ್ಕೆ ತೀರಾ ಹತ್ತಿರ ಮಧ್ಯಮ ಗಾತ್ರದ ಗ್ರಹಗಳೇ ಇಲ್ಲದಂತಿರುವ ‘ನೆಪ್ಚೂನ್ ಮರುಭೂಮಿ’ಯನ್ನು ನೋಡಿದವರಿಗೆ ನೇರಳಾತೀತವನ್ನು ಪೂರ್ತಿ ಬಿಟ್ಟುಕೊಡುವ ಮನಸ್ಸಾಗುವುದಿಲ್ಲ.

ಸುಲಿಯುವುದಷ್ಟೇ ಈ ಕಿರಣದ ಕಸುಬಲ್ಲ, ಹೊಸದನ್ನು ಬೆಸೆಯುವುದೂ ಹೌದು. ಸುಮಾರು 700 ಜ್ಯೋತಿರ್ವರ್ಷ ದೂರದ ವಾಸ್ಪ್-39ಬಿ ಗ್ರಹದಲ್ಲಿ 2022ರಲ್ಲಿ ವೆಬ್ ದೂರದರ್ಶಕಕ್ಕೆ ಗಂಧಕದ ಡೈಆಕ್ಸೈಡ್ ಕಂಡಿತು. ಅಂಥ ಗ್ರಹದಲ್ಲಿ ಅದು ತಾನಾಗಿ ಇರುವ ಅನಿಲವಲ್ಲ. ನಕ್ಷತ್ರದ ಕಿರಣ ನೀರಿನ ಅಣುಗಳನ್ನು ಒಡೆದು, ಅದರ ಚೂರುಗಳು ಹೈಡ್ರೋಜನ್ ಸಲ್ಫೈಡ್‌ನ ಗಂಧಕದ ಜೊತೆ ಕೂಡಿ ಹುಟ್ಟಿದ್ದು.

ಮಂಗಳನಲ್ಲಿ ಬೆಂಗಳೂರಿನ ಕಣ್ಣು

ಗಾಳಿ ಕಳೆದುಕೊಂಡವರನ್ನು ನೋಡಲು ಅಷ್ಟು ದೂರ ಹೋಗಬೇಕಿಲ್ಲ. ಮಂಗಳನ ಮೇಲೆ ಒಂದು ಕಾಲಕ್ಕೆ ಹೊಳೆ ಹರಿದ ಗುರುತುಗಳಿವೆ, ಈಗ ಗಾಳಿ ಭೂಮಿಯದರ ನೂರರಲ್ಲಿ ಒಂದು ಪಾಲೂ ಇಲ್ಲ. ನಾಸಾದ ಮೇವೆನ್ ನೌಕೆಯ ಅಳತೆಗಳಿಂದ 2017ರಲ್ಲಿ ಬಂದ ಲೆಕ್ಕದ ಪ್ರಕಾರ ಮಂಗಳದ ಆರ್ಗಾನ್ ಅನಿಲದಲ್ಲೇ ಶೇ 65ರಷ್ಟು ಹೊರಟುಹೋಗಿದೆ. ಯಾವುದರ ಜೊತೆಗೂ ಕೂಡದ ಸನ್ಯಾಸಿ ಅನಿಲವೇ ಅಷ್ಟು ಹೋಗಿದ್ದರೆ ಉಳಿದವುಗಳ ಕಥೆ ಕೇಳುವುದೇ ಬೇಡ.

ಮೇವೆನ್ ಮಂಗಳ ತಲುಪಿದ ಎರಡು-ಮೂರು ದಿನಕ್ಕೆ, 2014ರ ಸೆಪ್ಟೆಂಬರ್ 24ರಂದು, ನಮ್ಮ ಮಂಗಳಯಾನವೂ ಅಲ್ಲಿಗೆ ಸೇರಿತು. ಅದರ ಐದು ಉಪಕರಣಗಳಲ್ಲಿ ಒಂದು ಲೈಮನ್-ಆಲ್ಫಾ ಫೋಟೋಮೀಟರ್. ಬೆಂಗಳೂರಿನಲ್ಲಿರುವ ಇಸ್ರೊದ ಲಿಯೋಸ್ ಪ್ರಯೋಗಾಲಯ ಕಟ್ಟಿದ್ದು, ತೂಕ ಎರಡು ಕಿಲೋ ಕೂಡ ಇಲ್ಲ. ಮಾಮೂಲು ಜಲಜನಕವನ್ನೂ ಅದರ ಭಾರದ ಅಣ್ಣ ಡ್ಯೂಟೀರಿಯಂ ಅನ್ನೂ ಬೇರೆಬೇರೆಯಾಗಿ ಅಳೆಯುವುದು ಅದರ ಕೆಲಸವಾಗಿತ್ತು. ನೇರಳಾತೀತ ನೀರನ್ನು ಒಡೆದಾಗ ಹಗುರವಾದದ್ದು ಬೇಗ ಹೋಗುತ್ತದೆ, ಭಾರದ್ದು ಹಿಂದೆ ಉಳಿಯುತ್ತದೆ. ಉಳಿದ ಪ್ರಮಾಣದಿಂದ ಎಷ್ಟು ನೀರು ಹೋಯಿತೆಂದು ಹಿಮ್ಮುಖವಾಗಿ ಲೆಕ್ಕ ಹಾಕಬಹುದು. ಶುಕ್ರದಲ್ಲಿ ಡ್ಯೂಟೀರಿಯಂ ಪಾಲು ಭೂಮಿಯದರ ನೂರು ಪಟ್ಟಿಗೂ ಹೆಚ್ಚು. ನಮ್ಮ ಭೂಮಿ ಬಚಾವಾದದ್ದಕ್ಕೆ ದೊಡ್ಡ ಕಾರಣ ಸರಳವಾದದ್ದು: ಹತ್ತು-ಹದಿನೈದು ಕಿಲೋಮೀಟರ್ ಎತ್ತರದ ಚಳಿಯಲ್ಲಿ ನೀರಾವಿ ಹೆಪ್ಪುಗಟ್ಟಿ ಮಳೆಯಾಗಿ ಹಿಮವಾಗಿ ಕೆಳಗೆ ಬೀಳುತ್ತದೆ, ಕಿರಣದ ಕೈಗೆ ಸಿಗುವ ಎತ್ತರಕ್ಕೆ ಹೋಗುವುದೇ ಇಲ್ಲ.

ಹೊಸಕೋಟೆಯಿಂದ ಪ್ರಾಕ್ಸಿಮಾಕ್ಕೆ

ಗ್ರಹ ಬದುಕಲು ತಕ್ಕುದೋ ಇಲ್ಲವೋ ಎಂದು ಹೇಳುವಾಗ ನಮ್ಮ ಪತ್ರಿಕೆಗಳು ಒಂದೇ ಅಳತೆಗೋಲು ಹಿಡಿಯುತ್ತವೆ: ನೀರು ದ್ರವವಾಗಿ ಇರುವಷ್ಟು ದೂರದಲ್ಲಿದೆಯೇ? ಇದ್ದರೆ ಮರುದಿನವೇ ‘ಎರಡನೇ ಭೂಮಿ ಪತ್ತೆ’. ಈ ದೂರದ ಲೆಕ್ಕ ನಕ್ಷತ್ರದ ಒಟ್ಟು ಬೆಳಕಿನದು. ಗಾಳಿಯೇ ಉಳಿಯದಿದ್ದರೆ ದೂರ ಸರಿಯಿದ್ದು ಏನು ಬಂತು?

ಪ್ರಾಕ್ಸಿಮಾ ಬಿ ಇದಕ್ಕೆ ತಕ್ಕ ಉದಾಹರಣೆ. 2016ರಲ್ಲಿ ಪತ್ತೆಯಾದ ಈ ಗ್ರಹ ನಮಗೆ ಅತಿ ಹತ್ತಿರದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿಯನ್ನು 11.2 ದಿನಕ್ಕೊಮ್ಮೆ ಸುತ್ತುತ್ತದೆ. ದೂರ 4.24 ಜ್ಯೋತಿರ್ವರ್ಷ. ಮೇ ಕೊನೆಯಲ್ಲಿ ರಾತ್ರಿ ಹತ್ತೂವರೆಯ ಹೊತ್ತಿಗೆ ದಿಗ್ಗೇವಾಡಿಯ ಹೊಲದಲ್ಲಿ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ, ಕೈ ಚಾಚಿ ಹಿಡಿದ ಮುಷ್ಟಿಗಿಂತ ತುಸು ಎತ್ತರದಲ್ಲಿ ಅಕ್ಕಪಕ್ಕ ಎರಡು ಹೊಳೆಯುವ ಚುಕ್ಕಿಗಳು ಕಾಣುತ್ತವೆ. ಎಡಗಡೆಯದು ಆಲ್ಫಾ ಸೆಂಟಾರಿ, ಪ್ರಾಕ್ಸಿಮಾ ಅದರ ಸಂಸಾರದ್ದೇ. ಅದು ಎಷ್ಟು ಮಂಕೆಂದರೆ ಬರಿಗಣ್ಣಿಗೆ ಕಾಣುವುದಿಲ್ಲ. ಮುಂದೆ ಬೆಳೆದ ಕಬ್ಬಿದ್ದರೆ ಆಲ್ಫಾವೂ ಕಾಣದು, ಬದುವಿನ ಮೇಲೆ ಹತ್ತಬೇಕು.

ಈ ಮಂಕು ಕೆಂಪು ಕುಬ್ಜ ಮಹಾ ಮುಂಗೋಪಿ. ಗ್ರಹಕ್ಕೆ ಅದರಿಂದ ಸಿಗುವ ಒಟ್ಟು ಬೆಳಕು ಭೂಮಿಗೆ ಸಿಗುವುದರ ಮೂರನೇ ಎರಡು ಭಾಗ. ತೀವ್ರ ನೇರಳಾತೀತ ಮಾತ್ರ ಹತ್ತಾರು ಪಟ್ಟು ಹೆಚ್ಚು. 2019ರ ಮೇ 1ರಂದು ಅದು ಉಗುಳಿದ ಒಂದು ಜ್ವಾಲೆಯಲ್ಲಿ ದೂರದ ನೇರಳಾತೀತ ಕೆಲವೇ ಸೆಕೆಂಡುಗಳಲ್ಲಿ 14,000 ಪಟ್ಟು ಏರಿದ್ದನ್ನು ಹಬಲ್ ದಾಖಲಿಸಿತು.

ಅದಕ್ಕೂ ಎರಡು ವರ್ಷ ಮೊದಲು, 2017ರ ಮೇ 31ರಂದು, ಮೂರು ಉಪಗ್ರಹಗಳು ಒಟ್ಟಿಗೆ ಪ್ರಾಕ್ಸಿಮಾದತ್ತ ತಿರುಗಿದವು: ಹಬಲ್, ‘ಚಂದ್ರ’ ಎಂಬ ಕ್ಷ-ಕಿರಣ ದೂರದರ್ಶಕ ಮತ್ತು ಭಾರತದ ಆಸ್ಟ್ರೊಸ್ಯಾಟ್. ಎಸ್. ಲಲಿತಾ ಮತ್ತು ಸಂಗಡಿಗರು 2020ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಕ್ಷ-ಕಿರಣ, ನೇರಳಾತೀತ ಎರಡನ್ನೂ ಏಕಕಾಲಕ್ಕೆ ಅಳೆದರೆ ನಡುವಿನ ಕಾಣದ ತೀವ್ರ ನೇರಳಾತೀತವನ್ನು ಅಂದಾಜಿಸಲು ಎರಡೂ ಕಡೆ ಹಿಡಿತ ಸಿಕ್ಕಂತೆ.

2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೊಸ್ಯಾಟ್‌ನ ನೇರಳಾತೀತ ದೂರದರ್ಶಕ ಯುವಿಐಟಿ ಸಿದ್ಧವಾದದ್ದು ಹೊಸಕೋಟೆಯಲ್ಲಿ, ಭಾರತೀಯ ಖಭೌತ ಸಂಸ್ಥೆಯ ಎಂ.ಜಿ.ಕೆ. ಮೆನನ್ ಪ್ರಯೋಗಾಲಯದಲ್ಲಿ. ಸುಮಾರು 38 ಸೆಂಟಿಮೀಟರ್ ಅಗಲದ ಜೋಡಿ ದೂರದರ್ಶಕ ಅದು. ಬೀಳುವ ಬೆಳಕಿನ ಕಣಗಳನ್ನು ಒಂದೊಂದಾಗಿ ಎಣಿಸುತ್ತದೆ. ಇಂಥ ಕನ್ನಡಿಗೆ ದೊಡ್ಡ ವೈರಿ ಜಿಡ್ಡು. ಬೆರಳು ಸೋಕಿದ ಗುರುತು, ಅಂಟಿನಿಂದ ಏಳುವ ಆವಿ, ಪ್ಲಾಸ್ಟಿಕ್‌ನಿಂದ ಹೊರಬರುವ ಅಣುಗಳು ಕನ್ನಡಿಯ ಮೇಲೆ ಒಂದು ತೆಳು ಪದರವಾಗಿ ಕೂತರೂ ನೇರಳಾತೀತವನ್ನು ನುಂಗಿಬಿಡುತ್ತವೆ. ಕಣ್ಣಿಗೆ ಆ ಕನ್ನಡಿ ಥಳಥಳ ಹೊಳೆಯುತ್ತಲೇ ಇರುತ್ತದೆ. ಆದ್ದರಿಂದ ಧೂಳಿಲ್ಲದ ಕೋಣೆಯಲ್ಲಿ ಮೈತುಂಬ ಮುಚ್ಚಿಕೊಂಡು ಜೋಡಿಸಿದ್ದಷ್ಟೇ ಅಲ್ಲ, ಉಡಾವಣೆಯಾಗಿ ಕಕ್ಷೆ ಸೇರಿದ ಮೇಲೂ ಎರಡು ತಿಂಗಳು ಅದರ ಬಾಗಿಲು ತೆರೆಯಲಿಲ್ಲ. ಉಪಗ್ರಹದ ಮೈಯಿಂದ ಏಳುವ ಆವಿಯೆಲ್ಲ ಬಯಲಿಗೆ ಹೋಗಲಿ ಎಂದು ಕಾದರು.

ಅದೇ ಸಂಸ್ಥೆಯ ಕೊಡೈಕೆನಾಲ್ ವೀಕ್ಷಣಾಲಯದಲ್ಲಿ ಇಪ್ಪತ್ತನೇ ಶತಮಾನದ ಆರಂಭದಿಂದ ಕ್ಯಾಲ್ಸಿಯಂ ಬೆಳಕಿನಲ್ಲಿ ತೆಗೆದ ಸೂರ್ಯನ ಚಿತ್ರಗಳ ರಾಶಿಯಿದೆ. ಅದರಲ್ಲಿ ಬೆಳ್ಳಗೆ ಕಾಣುವ ಜಾಗಗಳು ಸೂರ್ಯನ ನೇರಳಾತೀತದ ಏರಿಳಿತಕ್ಕೆ ಕನ್ನಡಿ. ಒಂದು ನಕ್ಷತ್ರದ ಮೇಲೆ ನೂರು ವರ್ಷ ಹೀಗೆ ಕಣ್ಣಿಟ್ಟ ದಾಖಲೆ ಜಗತ್ತಿನಲ್ಲಿ ಬಲು ಕಡಿಮೆ. 2023ರ ಸೆಪ್ಟೆಂಬರ್‌ನಲ್ಲಿ ಹೊರಟ ಆದಿತ್ಯ-ಎಲ್1 ನೌಕೆಯ ಸೂಟ್ ದೂರದರ್ಶಕ ಈಗ 200ರಿಂದ 400 ನ್ಯಾನೋಮೀಟರ್ ನಡುವೆ ಸೂರ್ಯನನ್ನು ನೋಡುತ್ತಿದೆ.

ಪ್ರಾಕ್ಸಿಮಾದ ಕಥೆ ಒಂದು ಮನೆಯದಲ್ಲ. ಆಕಾಶಗಂಗೆಯ ನಕ್ಷತ್ರಗಳಲ್ಲಿ ಸುಮಾರು ಮುಕ್ಕಾಲು ಪಾಲು ಕೆಂಪು ಕುಬ್ಜಗಳೇ. ಅವುಗಳ ಎಳವೆಯ ಆರ್ಭಟ ಸೂರ್ಯನದಕ್ಕಿಂತ ಎಷ್ಟೋ ಹೆಚ್ಚು ಕಾಲ ನಡೆಯುತ್ತದೆ. ಏಳು ಗ್ರಹಗಳ ಟ್ರಾಪಿಸ್ಟ್-1 ಸಂಸಾರವನ್ನು 2023ರಲ್ಲಿ ವೆಬ್ ಪರೀಕ್ಷಿಸಿದಾಗ ಮೊದಲನೆಯ ಗ್ರಹದಲ್ಲಿ ಗಾಳಿಯ ಗುರುತು ಸಿಗಲಿಲ್ಲ, ಎರಡನೆಯದರಲ್ಲಿ ಶುಕ್ರನಂಥ ದಪ್ಪ ವಾತಾವರಣ ಇಲ್ಲವೆಂದಾಯಿತು. ಅಷ್ಟಕ್ಕೇ ಕೆಂಪು ಕುಬ್ಜಗಳ ಕಡತ ಮುಚ್ಚಬೇಕಿಲ್ಲ. ಆ ಎರಡೂ ನಕ್ಷತ್ರಕ್ಕೆ ತೀರಾ ಹತ್ತಿರದವು. ಗಾಳಿ ಹೋದ ಮೇಲೆ ಜ್ವಾಲಾಮುಖಿಗಳು ಹೊಸ ಗಾಳಿ ತುಂಬುವುದೂ ಉಂಟು, ಇಂಗಾಲದ ಡೈಆಕ್ಸೈಡ್ ಹೆಚ್ಚಿದ್ದರೆ ಮೇಲಿನ ಪದರ ತಣ್ಣಗೆ ಉಳಿಯುವುದೂ ಉಂಟು.

ಕೆವಿನ್ ಜಾನ್ಲೆ ಮತ್ತು ಡೇವಿಡ್ ಕ್ಯಾಟ್ಲಿಂಗ್ 2017ರಲ್ಲಿ ಒಂದು ನಕಾಶೆ ಬರೆದರು. ಒಂದು ಅಂಚಿನಲ್ಲಿ ಗ್ರಹದ ಸೆಳೆತ, ಇನ್ನೊಂದರಲ್ಲಿ ಅದಕ್ಕೆ ಬಿದ್ದ ಬೆಳಕು. ನಮ್ಮ ಸೌರಮಂಡಲದ ಗಾಳಿಯಿರುವ ಕಾಯಗಳು ಒಂದು ಕಡೆ, ಬೋಳಾದವು ಇನ್ನೊಂದು ಕಡೆ ಬರುವಂತೆ ನಡುವೆ ನೇರ ಗೆರೆಯೊಂದು ಎಳೆಯಲು ಬಂತು. ಕೆಂಪು ಕುಬ್ಜಗಳ ಕಲ್ಲುಗ್ರಹಗಳಿಗೂ ಆ ಗೆರೆ ಒಪ್ಪುತ್ತದೆಯೇ ಎಂದು ನೋಡಲು 2024ರಲ್ಲಿ ವೆಬ್‌ನ 500 ತಾಸುಗಳನ್ನು ಮೀಸಲಿಟ್ಟರು. ಅದರ ಜೊತೆಗೇ ಹಬಲ್‌ನ ಸುಮಾರು 250 ಸುತ್ತುಗಳನ್ನೂ ಕೊಟ್ಟರು. ಹಬಲ್ ನೋಡಬೇಕಾದದ್ದು ಆ ಗ್ರಹಗಳನ್ನಲ್ಲ, ಅವುಗಳ ನಕ್ಷತ್ರಗಳು ಸುರಿಸುವ ನೇರಳಾತೀತವನ್ನು.